ಅಮೆರಿಕದ ರೇಡಿಯಾಲಜಿ ಮ್ಯಾಚ್: ನಿಮ್ಮ ಅವಕಾಶ ಎಷ್ಟು ಎಂದು ನೀವೇ ಅಳೆಯುವುದು ಹೇಗೆ

"ಸ್ಟೆಪ್ 2 ಸಿಕೆಯಲ್ಲಿ 255 ಬಂದಿದೆ. ರೇಡಿಯಾಲಜಿ ಸಿಗುತ್ತಾ?" ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಪಿಜಿ ತರಬೇತಿಗೆ, ತಯಾರಾಗುವ ನಮ್ಮ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಇದು. ಸ್ಟೆಪ್‌ಗಳು ಅಂದರೆ ಅಮೆರಿಕದ ವೈದ್ಯಕೀಯ ಲೈಸೆನ್ಸ್ ಪರೀಕ್ಷೆಯ ಹಂತಗಳು. ಇಷ್ಟೇ ಮಾಹಿತಿ ಇಟ್ಟುಕೊಂಡು ಯಾರೂ ಇದಕ್ಕೆ ನೇರ ಉತ್ತರ ಹೇಳಲಾರರು. ಹೇಳಿದರೆ ನಂಬಬೇಡಿ.

ನಮಗೆ ನೀಟ್ ಪಿಜಿಯ ಅಭ್ಯಾಸ. ಅಲ್ಲಿ ಒಂದು ರ‍್ಯಾಂಕ್ ಬರುತ್ತದೆ. ಕಳೆದ ವರ್ಷ ಕೆಇಎ ಕೌನ್ಸೆಲಿಂಗ್‌ನಲ್ಲಿ ಯಾವ ಕಾಲೇಜಿನ ರೇಡಿಯೋಡಯಾಗ್ನೋಸಿಸ್ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂದು ನೋಡಿದರೆ ನಮ್ಮ ಸ್ಥಾನ ಸುಮಾರಾಗಿ ಗೊತ್ತಾಗುತ್ತದೆ. ಅಮೆರಿಕದಲ್ಲಿ ಅಂಥ ಒಂದೇ ಪಟ್ಟಿ ಇಲ್ಲ. ಸುಮಾರು 200 ಪ್ರೋಗ್ರಾಂಗಳಿವೆ. ಪ್ರತಿಯೊಂದೂ ತನ್ನದೇ ಪಟ್ಟಿ ಮಾಡುತ್ತದೆ, ತನ್ನದೇ ಕಾರಣಕ್ಕೆ. ನೀವೂ ನಿಮಗೆ ಇಷ್ಟದ ಕ್ರಮದಲ್ಲಿ ಪ್ರೋಗ್ರಾಂಗಳ ಪಟ್ಟಿ ಕೊಡುತ್ತೀರಿ, ಅದೇ ನಿಮ್ಮ ರ‍್ಯಾಂಕ್ ಲಿಸ್ಟ್. ಎರಡನ್ನೂ ಹೊಂದಿಸಿ ಸೀಟು ಹಂಚುವುದೇ ಮ್ಯಾಚ್. ಅದಕ್ಕೇ ಅವಕಾಶವನ್ನು ಮೂರು ಕಡೆ ಅಳೆಯಬೇಕು. ನಿಮ್ಮ ಅರ್ಜಿಯನ್ನು ಎಷ್ಟು ಪ್ರೋಗ್ರಾಂಗಳು ತೆರೆದು ನೋಡಬಲ್ಲವು? ಅವುಗಳಲ್ಲಿ ಎಷ್ಟು ಇಂಟರ್‌ವ್ಯೂಗೆ ಕರೆಯುತ್ತವೆ? ಕೊನೆಗೆ ನಿಮ್ಮ ರ‍್ಯಾಂಕ್ ಲಿಸ್ಟ್ ಎಷ್ಟು ಉದ್ದ? ಈ ಬರಹದಲ್ಲಿ ಒಂದೊಂದನ್ನೂ ನೀವೇ ಲೆಕ್ಕ ಹಾಕುವ ದಾರಿ ಇದೆ. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಡಯಾಗ್ನೋಸ್ಟಿಕ್ ರೇಡಿಯಾಲಜಿಗೆ ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಸೀಟಿನ ಸ್ವರೂಪ ತಿಳಿದುಕೊಳ್ಳಿ

ಡಯಾಗ್ನೋಸ್ಟಿಕ್ ರೇಡಿಯಾಲಜಿ ಒಟ್ಟು 5 ವರ್ಷ. ಮೊದಲ ವರ್ಷ ಇಂಟರ್ನ್‌ಶಿಪ್. ಅದು ಮೆಡಿಸಿನ್ ಇರಬಹುದು, ಸರ್ಜರಿ ಇರಬಹುದು, ಹಲವು ವಿಭಾಗ ಸುತ್ತುವ ಟ್ರಾನ್ಸಿಷನಲ್ ಇಯರ್ ಇರಬಹುದು. ಆಮೇಲೆ 4 ವರ್ಷ ರೇಡಿಯಾಲಜಿ. ನೀವು ಇಲ್ಲಿ ಮಾಡಿದ ಒಂದು ವರ್ಷದ ಹೌಸ್ ಸರ್ಜನ್ಸಿ ಆ ಮೊದಲ ವರ್ಷಕ್ಕೆ ಲೆಕ್ಕವಾಗುವುದಿಲ್ಲ.

ಕೆಲವು ಸೀಟುಗಳು ಕ್ಯಾಟಗೋರಿಕಲ್. ಐದೂ ವರ್ಷ ಒಂದೇ ಕಡೆ. ಬಹುಪಾಲು ಸೀಟುಗಳು ಅಡ್ವಾನ್ಸ್ಡ್. ಅಂದರೆ ರೇಡಿಯಾಲಜಿ ಎರಡನೇ ವರ್ಷದಿಂದ ಶುರು, ಮೊದಲ ವರ್ಷದ ಪ್ರಿಲಿಮಿನರಿ ಸೀಟಿಗೆ ಬೇರೆಯಾಗಿ ಅರ್ಜಿ ಹಾಕಬೇಕು, ಬೇರೆಯಾಗಿ ಮ್ಯಾಚ್ ಆಗಬೇಕು. ಇನ್ನು ಕೆಲವು ಸೀಟುಗಳಿಗೆ ಆರ್ ಎಂದು ಗುರುತು ಇರುತ್ತದೆ. ಆಗಲೇ ಅಮೆರಿಕದಲ್ಲಿ ಇಂಟರ್ನ್ ವರ್ಷ ಮುಗಿಸಿದವರಿಗೆ, ಅಥವಾ ಮುಗಿಸುವ ಹಂತದಲ್ಲಿರುವವರಿಗೆ ಮೀಸಲು. ಆ ವರ್ಷವೇ ಶುರುವಾಗುವ ಸೀಟು ಅದು. ಮೊದಲ ಸಲ ಅರ್ಜಿ ಹಾಕುವವರಿಗೆ ಅದು ಸಿಗುವುದಿಲ್ಲ. ಆದರೆ ಪ್ರಿಲಿಮಿನರಿ ವರ್ಷ ಮಾಡುತ್ತಾ ಮತ್ತೆ ಪ್ರಯತ್ನಿಸುವವರಿಗೆ ಅದು ಒಳ್ಳೆಯ ಬಾಗಿಲು.

ನೀವು ಯಾವ ಗುಂಪು?

ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ಅರ್ಜಿದಾರರನ್ನು ಗುಂಪು ಮಾಡಿ ಅಂಕಿ ಅಂಶ ಕೊಡುತ್ತದೆ. ಅಮೆರಿಕದ ಎಂಡಿ ಕಾಲೇಜಿನವರು, ಡಿಓ (ಆಸ್ಟಿಯೋಪಥಿಕ್ ಪದವಿ) ಕಾಲೇಜಿನವರು, ಹೊರಗೆ ಓದಿದ ಅಮೆರಿಕದ ಪ್ರಜೆಗಳು, ಹೊರಗೆ ಓದಿದ ಹೊರದೇಶದ ಪ್ರಜೆಗಳು. ನಮ್ಮಲ್ಲಿ ಹೆಚ್ಚಿನವರು ಕೊನೆಯ ಗುಂಪು. 2025ರ ಮ್ಯಾಚ್‌ನಲ್ಲಿ ಎಲ್ಲ ವಿಭಾಗ ಸೇರಿ ಈ ಗುಂಪಿನ ಸುಮಾರು 58 ಶೇಕಡ ಜನರಿಗೆ ಮಾತ್ರ ಸೀಟು ಸಿಕ್ಕಿತು. ಅಮೆರಿಕದ ಎಂಡಿ ಕಾಲೇಜಿನ ಕೊನೆ ವರ್ಷದವರಿಗೆ ಇದು 93 ಶೇಕಡ ದಾಟುತ್ತದೆ. ನಮ್ಮ ಗುಂಪಿನಿಂದ ಹೋದವರಲ್ಲಿ ಹೆಚ್ಚಿನವರು ಇಂಟರ್ನಲ್ ಮೆಡಿಸಿನ್‌ಗೆ ಹೋದವರು ಎಂಬುದನ್ನೂ ನೆನಪಿಡಿ. ಈ 58ನ್ನು ರೇಡಿಯಾಲಜಿಗೆ ಹಚ್ಚಿಕೊಂಡು ಸಮಾಧಾನ ಪಡಬೇಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅಲ್ಲಿ ಹುಟ್ಟಿ, ಅಮೆರಿಕದ ಪಾಸ್‌ಪೋರ್ಟ್ ಇಟ್ಟುಕೊಂಡು ಮಣಿಪಾಲದಲ್ಲೋ ಬೆಂಗಳೂರಲ್ಲೋ ಎಂಬಿಬಿಎಸ್ ಮಾಡಿದ ಕನ್ನಡದ ಮಕ್ಕಳಿದ್ದಾರೆ. ಅವರು ಬೇರೆ ಗುಂಪು. ಗ್ರೀನ್ ಕಾರ್ಡ್ ಇದ್ದವರು ಎನ್‌ಆರ್‌ಎಂಪಿ ಲೆಕ್ಕದಲ್ಲಿ ಹೊರದೇಶದವರೇ, ಆದರೆ ಅವರಿಗೆ ವೀಸಾ ಬೇಡ. ಪ್ರೋಗ್ರಾಂಗಳ ಕಣ್ಣಲ್ಲಿ ಅದು ದೊಡ್ಡ ವ್ಯತ್ಯಾಸ. ಹಾಸ್ಟೆಲ್‌ನ ರೂಮ್‌ಮೇಟ್‌ಗೆ ಸಿಕ್ಕಿತು, ನನಗೂ ಸಿಗಬೇಕು ಅನ್ನುವ ಮೊದಲು ಅವರ ವೀಸಾ ಸ್ಥಿತಿ ಏನಿತ್ತು ಎಂದು ಕೇಳಿ.

ಅಂಕಿ ಅಂಶ ಓದುವಾಗ ಮೋಸ ಹೋಗಬೇಡಿ

ಎನ್‌ಆರ್‌ಎಂಪಿಯ 'ಚಾರ್ಟಿಂಗ್ ಔಟ್‌ಕಮ್ಸ್' ವರದಿ ಉಚಿತವಾಗಿ ಸಿಗುತ್ತದೆ. ಐಎಂಜಿಗಳಿಗೆ, ಅಂದರೆ ಅಮೆರಿಕದ ಹೊರಗೆ ಓದಿದವರಿಗೆ, ಬೇರೆಯದೇ ಇದೆ. ಅದನ್ನೇ ತೆರೆಯಿರಿ. ಅಮೆರಿಕದ ಎಂಡಿಗಳ ವರದಿಯಲ್ಲಿ ರೇಡಿಯಾಲಜಿಗೆ ಮ್ಯಾಚ್ ಆದವರ ಸ್ಟೆಪ್ 2 ಸರಾಸರಿ 250ರ ಮೇಲೆ ಇರುತ್ತದೆ. ಅದನ್ನು ನೋಡಿ "ನನ್ನದೂ 255, ಹಾಗಾದರೆ ನಾನೂ ಅವರೂ ಸಮ" ಎಂದುಕೊಳ್ಳುವುದು ಸುಲಭ. ಸಮ ಅಲ್ಲ. ಅದೇ ಅಂಕ ಇದ್ದರೂ ಅವರಿಗೆ ತಾವು ಓದಿದ ಕಾಲೇಜಿನ ಆಸ್ಪತ್ರೆಯ ರೇಡಿಯಾಲಜಿ ವಿಭಾಗ ಇದೆ, ಅಲ್ಲಿನ ಪ್ರೊಫೆಸರ್‌ಗಳ ಪತ್ರ ಇದೆ, ವೀಸಾದ ಗೊಡವೆ ಇಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದೇ ಇಲ್ಲ. ಈ ವರದಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ರ‍್ಯಾಂಕ್ ಲಿಸ್ಟ್ ಸಲ್ಲಿಸಿದವರನ್ನು ಮಾತ್ರ. ಒಂದೂ ಇಂಟರ್‌ವ್ಯೂ ಬಾರದವರಿಗೆ ರ‍್ಯಾಂಕ್ ಮಾಡಲು ಪ್ರೋಗ್ರಾಂ ಎಲ್ಲಿರುತ್ತದೆ? ಅವರು ಲಿಸ್ಟ್ ಸಲ್ಲಿಸುವುದೇ ಇಲ್ಲ. ಹೀಗಾಗಿ ವರದಿಯಲ್ಲಿ ಕಾಣುವ ಮ್ಯಾಚ್ ಶೇಕಡ, ಮೊದಲ ಎರಡು ಬಾಗಿಲು ದಾಟಿದವರದ್ದು. ಅರ್ಜಿ ಹಾಕಿದ ಎಲ್ಲರದ್ದೂ ಅಲ್ಲ. ಅರ್ಜಿ ಹಾಕಿದವರ ಸಂಖ್ಯೆ ಬೇಕಾದರೆ ಅರ್ಜಿ ವ್ಯವಸ್ಥೆಯಾದ ಇರಾಸ್ ನಡೆಸುವ ಎಎಎಂಸಿ ಪ್ರಕಟಿಸುವ ಅಂಕಿ ಅಂಶ ನೋಡಿ. ರೇಡಿಯಾಲಜಿಗೆ ಎಷ್ಟು ಐಎಂಜಿಗಳು ಅರ್ಜಿ ಹಾಕಿದರು ಎಂದು ಅಲ್ಲಿ ಸಿಗುತ್ತದೆ. ಎನ್‌ಆರ್‌ಎಂಪಿಯ ವಾರ್ಷಿಕ ಫಲಿತಾಂಶದ ಕೋಷ್ಟಕದಲ್ಲಿ ಎಷ್ಟು ಮಂದಿ ಮ್ಯಾಚ್ ಆದರು ಎಂದು ಸಿಗುತ್ತದೆ. ಮ್ಯಾಚ್ ಆದವರ ಸಂಖ್ಯೆಯನ್ನು ಅರ್ಜಿ ಹಾಕಿದವರ ಸಂಖ್ಯೆಯಿಂದ ಭಾಗಿಸಿ. ಬರುವ ಸಂಖ್ಯೆ ನೋಡಿ ಮನಸ್ಸಿಗೆ ಸ್ವಲ್ಪ ಕಷ್ಟವಾಗಬಹುದು. ಆದರೂ ಶುರು ಮಾಡಬೇಕಾದದ್ದು ಅಲ್ಲಿಂದಲೇ. ಆಮೇಲೆ ನಿಮ್ಮ ಅರ್ಜಿ ಸರಾಸರಿಗಿಂತ ಎಲ್ಲಿ ಮೇಲಿದೆ, ಎಲ್ಲಿ ಕೆಳಗಿದೆ ಎಂದು ನೋಡಿ ಆ ಸಂಖ್ಯೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಸ್ಕೋರ್ ಎಷ್ಟು ಕೆಲಸ ಮಾಡುತ್ತದೆ

2022ರ ಜನವರಿ 26ರಿಂದ ಸ್ಟೆಪ್ 1 ಬರೀ ಪಾಸ್ ಅಥವಾ ಫೇಲ್. ಅಂಕ ಇರುವುದು ಸ್ಟೆಪ್ 2 ಸಿಕೆಗೆ. ಅದರ ಪಾಸ್ ಅಂಕ 2025ರ ಜುಲೈನಿಂದ 218. ಅಮೆರಿಕದ ವಿದ್ಯಾರ್ಥಿಗಳ ಸರಾಸರಿ 250ರ ಹತ್ತಿರ ಇದೆ. ನನ್ನ ಅಂದಾಜು ಹೀಗಿದೆ: ವೀಸಾ ಬೇಕಾದ ಐಎಂಜಿಗೆ ರೇಡಿಯಾಲಜಿಯಲ್ಲಿ 250ರ ಒಳಗೆ ಬಂದರೆ ಬೇರೆ ಏನಾದರೂ ತುಂಬಾ ಗಟ್ಟಿ ಇರಬೇಕು. 255ರ ಆಸುಪಾಸಿನಲ್ಲಿದ್ದರೆ ಸ್ಕೋರ್ ನಿಮ್ಮನ್ನು ತಡೆಯುವುದಿಲ್ಲ. 260 ದಾಟಿದರೆ ಗಮನ ಸೆಳೆಯುತ್ತದೆ. ಅದಕ್ಕಿಂತ ಮೇಲೆ ಸಿಗುವ ಪ್ರತಿ ಅಂಕದ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. 265 ಇದ್ದೂ ರೇಡಿಯಾಲಜಿಯವರ ಒಂದು ಪತ್ರವೂ ಇಲ್ಲದ ಅರ್ಜಿಗಿಂತ, 252 ಇದ್ದು ಒಂದು ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಹೆಸರು ಗಳಿಸಿದ ಅರ್ಜಿಗೆ ನಾನು ಜಾಸ್ತಿ ಭರವಸೆ ಇಡುತ್ತೇನೆ.

ಯಾವುದಾದರೂ ಸ್ಟೆಪ್‌ನಲ್ಲಿ ಒಮ್ಮೆ ಫೇಲ್ ಆಗಿದ್ದರೆ ಬಹಳ ಪ್ರೋಗ್ರಾಂಗಳ ಫಿಲ್ಟರ್‌ನಲ್ಲೇ ಅರ್ಜಿ ನಿಲ್ಲುತ್ತದೆ. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಪರೀಕ್ಷೆಗೆ ತಯಾರಾಗಿಲ್ಲ ಅನ್ನಿಸಿದರೆ ಸೀಸನ್ ತಪ್ಪಿದರೂ ಪರವಾಗಿಲ್ಲ, ಮುಂದಕ್ಕೆ ಹಾಕಿ.

ಈಗ ನಿಜವಾದ ಕೆಲಸ: ಪ್ರೋಗ್ರಾಂಗಳ ಪಟ್ಟಿ

ಬಹಳ ಜನ ಇದನ್ನು ಕೊನೆಗೆ, ಆಗಸ್ಟ್ ತಿಂಗಳಲ್ಲಿ ಅವಸರದಲ್ಲಿ ಮಾಡುತ್ತಾರೆ. ಒಂದು ವರ್ಷ ಮೊದಲೇ ಮಾಡಬೇಕಾದ ಕೆಲಸ ಇದು. ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಅಮೆರಿಕದ ವೈದ್ಯರ ಸಂಘವಾದ ಎಎಂಎಯ 'ಫ್ರೀಡಾ' ಎಂಬ ಡೇಟಾಬೇಸ್‌ನಿಂದ ಡಯಾಗ್ನೋಸ್ಟಿಕ್ ರೇಡಿಯಾಲಜಿಯ ಎಲ್ಲ ಪ್ರೋಗ್ರಾಂಗಳ ಹೆಸರು ಇಳಿಸಿಕೊಳ್ಳಿ. ಆಮೇಲೆ ಒಂದೊಂದೇ ಪ್ರೋಗ್ರಾಂನ ಪುಟಕ್ಕೆ ಹೋಗಿ ಸೋಸಲು ಶುರು ಮಾಡಿ.

ಮೊದಲ ಸೋಸು ವೀಸಾ. ಜೆ-1 (ತರಬೇತಿಗೆ ಬರುವವರ ವೀಸಾ) ಕೊಡುತ್ತಾರಾ? ಎಚ್-1ಬಿ (ಕೆಲಸದ ವೀಸಾ) ಕೊಡುತ್ತಾರಾ? ಎರಡೂ ಇಲ್ಲದಿದ್ದರೆ ಆ ಸಾಲನ್ನು ಅಳಿಸಿ. "ಕೇಸ್ ಬೈ ಕೇಸ್" ಎಂದು ಬರೆದಿದ್ದರೆ ಪ್ರೋಗ್ರಾಂ ಕೋಆರ್ಡಿನೇಟರ್‌ಗೆ ಎರಡು ಸಾಲಿನ ಮೇಲ್ ಹಾಕಿ ಕೇಳಿ.

ಎರಡನೆಯದು ಪಾಸಾದ ವರ್ಷ. ಮೂರು ವರ್ಷ, ಐದು ವರ್ಷ ಎಂದು ಮಿತಿ ಇಟ್ಟವರಿದ್ದಾರೆ. ಕರ್ನಾಟಕದಲ್ಲಿ ಸರ್ಕಾರಿ ಸೀಟಿನಲ್ಲಿ ಓದಿ ಒಂದು ವರ್ಷ ಕಡ್ಡಾಯ ಗ್ರಾಮೀಣ ಸೇವೆ ಮಾಡಿದವರು ಅದನ್ನು ಖಾಲಿ ವರ್ಷದಂತೆ ಬಿಡಬೇಡಿ. ಪಿಎಚ್‌ಸಿಯಲ್ಲಿ ಏನು ಕೆಲಸ, ಯಾವ ರೀತಿಯ ರೋಗಿಗಳು, ಯಾವ ಜವಾಬ್ದಾರಿ ಎಂದು ಅನುಭವದ ಭಾಗದಲ್ಲಿ ಸರಿಯಾಗಿ ಬರೆಯಿರಿ. ಇರಾಸ್‌ನಲ್ಲಿ 10 ಅನುಭವಗಳಿಗೆ ಜಾಗ ಇದೆ, ಅದರಲ್ಲಿ 3ನ್ನು ಅತಿ ಮುಖ್ಯ ಎಂದು ಗುರುತಿಸಬಹುದು.

ಮೂರನೆಯ ಸೋಸಿಗೆ ಸಮಯ ಜಾಸ್ತಿ ಬೇಕು, ಬೆಲೆಯೂ ಜಾಸ್ತಿ. ಪ್ರೋಗ್ರಾಂನ ಈಗಿನ ರೆಸಿಡೆಂಟ್‌ಗಳ ಪುಟ ತೆರೆಯಿರಿ. ಯಾರು ಯಾವ ಕಾಲೇಜಿನಲ್ಲಿ ಓದಿದವರು ಎಂದು ಹಾಕಿರುತ್ತಾರೆ. ನಾಲ್ಕೂ ಬ್ಯಾಚ್ ನೋಡಿ. ಹೊರಗಿನ ಕಾಲೇಜಿನ ಹೆಸರು ಕಂಡ ಕೂಡಲೇ ಖುಷಿ ಪಡಬೇಡಿ. ಗ್ರೆನಡಾ, ಡೊಮಿನಿಕಾ, ಬಾರ್ಬಡೋಸ್ ಕಡೆಯ ಕೆರಿಬಿಯನ್ ಕಾಲೇಜುಗಳಲ್ಲಿ ಓದಿದವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳು. ಅವರಿಗೆ ವೀಸಾ ಬೇಡ, ಕ್ಲಿನಿಕಲ್ ರೊಟೇಷನ್‌ಗಳೂ ಅಮೆರಿಕದಲ್ಲೇ ಆಗಿರುತ್ತವೆ. ಭಾರತ, ಪಾಕಿಸ್ತಾನ, ಈಜಿಪ್ಟ್, ಲೆಬನಾನ್, ಬ್ರೆಜಿಲ್‌ನಂಥ ದೇಶದಿಂದ ಬಂದವರು ಇದ್ದಾರಾ? ಇದ್ದರೆ ಅವರ ಹೆಸರಿಟ್ಟು ಪಬ್‌ಮೆಡ್‌ನಲ್ಲಿ ಹುಡುಕಿ. ಅದೇ ಸಂಸ್ಥೆಯಲ್ಲಿ ರಿಸರ್ಚ್ ಫೆಲೋ ಆಗಿದ್ದರಾ? ತಮ್ಮ ದೇಶದಲ್ಲೇ ರೇಡಿಯಾಲಜಿ ಎಂಡಿ ಮುಗಿಸಿ ಬಂದವರಾ? ರೇಡಿಯಾಲಜಿಗೆ ಸೇರಿದ ಐಎಂಜಿಗಳಲ್ಲಿ ಈ ಎರಡು ದಾರಿಯಲ್ಲಿ ಬಂದವರು ಹಲವರು. ನೀವು ಈ ಎರಡರಲ್ಲಿ ಯಾವುದೂ ಅಲ್ಲದಿದ್ದರೆ ಅಂಥ ಪ್ರೋಗ್ರಾಂ ಅನ್ನು ನಿಮ್ಮ ಲೆಕ್ಕದಲ್ಲಿ ಅರ್ಧ ಎಂದಷ್ಟೇ ಎಣಿಸಿ.

ಇಷ್ಟು ಸೋಸಿದ ಮೇಲೆ 200ರಲ್ಲಿ 45 ಉಳಿದವು ಎಂದಿಟ್ಟುಕೊಳ್ಳಿ. ನಿಮ್ಮ ಮಟ್ಟಿಗೆ ಅಮೆರಿಕದಲ್ಲಿ ಇರುವುದು 45 ರೇಡಿಯಾಲಜಿ ಪ್ರೋಗ್ರಾಂಗಳು. ಉಳಿದವು ಇಲ್ಲ. ಇದು ಗೊತ್ತಾದರೆ ದುಡ್ಡೂ ಉಳಿಯುತ್ತದೆ. 2024-25ರ ಸೀಸನ್‌ನ ದರದಂತೆ ಇರಾಸ್‌ನಲ್ಲಿ ಮೊದಲ 30 ಪ್ರೋಗ್ರಾಂಗೆ ತಲಾ 11 ಡಾಲರ್, ಅದರ ಮೇಲೆ ತಲಾ 30 ಡಾಲರ್. 45ಕ್ಕೆ 780 ಡಾಲರ್ ಆಗುತ್ತದೆ. ಸುಮ್ನೆ ಕಣ್ಣು ಮುಚ್ಚಿ 100ಕ್ಕೆ ಹಾಕಿದರೆ 2,430 ಡಾಲರ್. ಇದರ ಜೊತೆಗೆ ಪ್ರಿಲಿಮಿನರಿ ಸೀಟುಗಳ ಅರ್ಜಿಯ ಖರ್ಚು ಬೇರೆ.

ಸಿಗ್ನಲ್ ಎಲ್ಲಿ ಹಾಕಬೇಕು

ಸಿಗ್ನಲ್ ಅಂದರೆ ಈ ಪ್ರೋಗ್ರಾಂ ಮೇಲೆ ನನಗೆ ವಿಶೇಷ ಆಸಕ್ತಿ ಇದೆ ಎಂದು ಅರ್ಜಿಯಲ್ಲೇ ತಿಳಿಸುವ ಗುರುತು. ರೇಡಿಯಾಲಜಿ ಅರ್ಜಿಯಲ್ಲಿ ಚಿನ್ನದ (ಹೆಚ್ಚು ಆಸಕ್ತಿ) ಮತ್ತು ಬೆಳ್ಳಿಯ ಸಿಗ್ನಲ್‌ಗಳಿವೆ. 2024-25ರ ಸೀಸನ್‌ನಲ್ಲಿ 6 ಚಿನ್ನ, 9 ಬೆಳ್ಳಿ ಇದ್ದವು. ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ನಿಮ್ಮ ಸೀಸನ್‌ನದ್ದು ಎಎಎಂಸಿ ಪುಟದಲ್ಲಿ ನೋಡಿ. ಸಿಗ್ನಲ್ ಹಾಕದ ಕಡೆಯಿಂದ ಇಂಟರ್‌ವ್ಯೂ ಬರುವ ಸಾಧ್ಯತೆ ಈಗ ತುಂಬಾ ಕಡಿಮೆಯಾಗಿದೆ. ಹಾಗಾಗಿ ನಿಮ್ಮ 45ರಲ್ಲಿ ನಿಜವಾಗಿ ಜೀವ ಇರುವುದು ಈ 15ರಲ್ಲಿ, ಮತ್ತೆ ನಿಮ್ಮನ್ನು ಯಾರಾದರೂ ಮುಖತಃ ಬಲ್ಲ ಒಂದೆರಡು ಕಡೆ.

ಹೆಸರಿನ ಮೋಹಕ್ಕೆ ಚಿನ್ನ ಖರ್ಚು ಮಾಡಬೇಡಿ. ದೊಡ್ಡ ಹೆಸರಿನ ಪ್ರೋಗ್ರಾಂಗೆ ಎಲ್ಲರೂ ಸಿಗ್ನಲ್ ಹಾಕುತ್ತಾರೆ. ಆ ಗುಂಪಿನಲ್ಲಿ ನಿಮ್ಮದು ಎದ್ದು ಕಾಣಬೇಕಾದರೆ ಅಲ್ಲಿ ನೀವು ಕೆಲಸ ಮಾಡಿರಬೇಕು. ನೀವು ಅಬ್ಸರ್ವರ್‌ಶಿಪ್ (ಆಸ್ಪತ್ರೆಯಲ್ಲಿ ನೋಡಿ ಕಲಿಯುವ ಅವಧಿ) ಅಥವಾ ರಿಸರ್ಚ್ ಮಾಡಿದ ಜಾಗಕ್ಕೆ ಚಿನ್ನ ಹೋಗಲೇಬೇಕು. ಅಲ್ಲಿಗೇ ಹಾಕದಿದ್ದರೆ ಅವರೇ ಅನುಮಾನ ಪಡುತ್ತಾರೆ. ಉಳಿದ ಚಿನ್ನ, ನಿಮ್ಮಂಥವರನ್ನು ಕಳೆದ ಮೂರು ನಾಲ್ಕು ವರ್ಷದಲ್ಲಿ ತೆಗೆದುಕೊಂಡಿರುವ ಮಧ್ಯಮ ಗಾತ್ರದ ವಿಶ್ವವಿದ್ಯಾಲಯ ಮತ್ತು ಸಮುದಾಯ ಆಸ್ಪತ್ರೆಗಳಿಗೆ. ಭೌಗೋಳಿಕ ಆದ್ಯತೆಯನ್ನೂ ತುಂಬಬಹುದು. ಅಣ್ಣನೋ ಚಿಕ್ಕಪ್ಪನೋ ಓಹಾಯೋದಲ್ಲೋ ಮಿಷಿಗನ್‌ನಲ್ಲೋ ಇದ್ದರೆ ಆ ಭಾಗವನ್ನು ಆರಿಸಿ, ಕಾರಣ ಬರೆಯಿರಿ. ಅಲ್ಲಿ ನಿಮಗೆ ಬೇರು ಇದೆ ಎಂಬುದು ಅವರಿಗೆ ಮುಖ್ಯ.

ಪತ್ರ ಮತ್ತು ರಿಸರ್ಚ್

ಒಂದು ಪ್ರೋಗ್ರಾಂಗೆ 4 ಶಿಫಾರಸು ಪತ್ರಗಳವರೆಗೆ ಕಳಿಸಬಹುದು. ಎರಡಾದರೂ ಅಮೆರಿಕದ ರೇಡಿಯಾಲಜಿಸ್ಟ್‌ಗಳದ್ದಿರಲಿ, ಒಂದು ಮೆಡಿಸಿನ್ ಅಥವಾ ಸರ್ಜರಿಯವರದ್ದು. ಪ್ರಿಲಿಮಿನರಿ ಸೀಟಿಗೂ ಅದು ಬೇಕಾಗುತ್ತದೆ. ರೇಡಿಯಾಲಜಿ ಅಬ್ಸರ್ವರ್‌ಶಿಪ್‌ನಲ್ಲಿ ಒಂದು ತೊಂದರೆ ಇದೆ. ರೀಡಿಂಗ್ ರೂಮಿನಲ್ಲಿ ಹಿಂದೆ ಕೂತು ನೋಡುತ್ತೀರಿ, ಅಷ್ಟೇ. ಒಂದು ತಿಂಗಳು ಸುಮ್ಮನೆ ಕೂತು ಬಂದರೆ ಪತ್ರ ಬರೆಯುವವರಿಗೆ ಬರೆಯಲು ಏನೂ ಇರುವುದಿಲ್ಲ. ಕೇಸ್ ಓದಿಕೊಂಡು ಹೋಗಿ, ಕಾನ್ಫರೆನ್ಸ್‌ನಲ್ಲಿ ಒಂದು ಚಿಕ್ಕ ಪ್ರೆಸೆಂಟೇಷನ್ ಕೇಳಿ ಪಡೆಯಿರಿ, ಒಂದು ಕೇಸ್ ರಿಪೋರ್ಟ್ ಅಥವಾ ಎಜುಕೇಷನಲ್ ಎಕ್ಸಿಬಿಟ್ ಕೈಗೆತ್ತಿಕೊಳ್ಳಿ. ಪ್ರತಿ ವರ್ಷ ಶಿಕಾಗೋದಲ್ಲಿ ನಡೆಯುವ, ಉತ್ತರ ಅಮೆರಿಕದ ರೇಡಿಯಾಲಜಿ ಸಂಘವಾದ ಆರ್‌ಎಸ್‌ಎನ್‌ಎ ಸಮ್ಮೇಳನಕ್ಕೆ ಅಂಥ ಎಕ್ಸಿಬಿಟ್ ಕಳಿಸಬಹುದು.

ಪ್ರಕಟಣೆಗಳ ಎಣಿಕೆಗೆ ಬೀಳಬೇಡಿ. ವರದಿಯಲ್ಲಿ ಕಾಣುವ ಎಣಿಕೆಯಲ್ಲಿ ಸಾರಾಂಶ, ಪೋಸ್ಟರ್, ಪ್ರೆಸೆಂಟೇಷನ್ ಎಲ್ಲ ಸೇರಿರುತ್ತವೆ. ಬೇರೆ ಬೇರೆ ವಿಷಯದ ಹತ್ತು ಪೇಪರ್‌ಗಳಲ್ಲಿ ಎಂಟನೇ ಲೇಖಕರಾಗಿ ಹೆಸರು ಇದ್ದರೆ ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ನಿಮ್ಮ ಕೈಯಾರೆ ಮಾಡಿದ ಎರಡು ಕೆಲಸ ಇದ್ದರೂ ಸಾಕು, ಅದರ ಬಗ್ಗೆ ಹದಿನೈದು ನಿಮಿಷ ಮಾತಾಡುವಂತಿರಬೇಕು.

ವೀಸಾದ ಲೆಕ್ಕ

ಜೆ-1 ವೀಸಾಗೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದಿಂದ 'ಸ್ಟೇಟ್‌ಮೆಂಟ್ ಆಫ್ ನೀಡ್' ಎಂಬ ಪತ್ರ ತರಬೇಕು. ತರಬೇತಿ ಮುಗಿದ ಮೇಲೆ 2 ವರ್ಷ ಭಾರತಕ್ಕೆ ಹಿಂದಿರುಗಬೇಕು, ಇಲ್ಲವೇ ವಿನಾಯಿತಿ ಪಡೆಯಬೇಕು. ವೈದ್ಯರ ಕೊರತೆ ಇರುವ ಕಡೆ ಕೆಲಸ ಮಾಡುವವರಿಗೆ ರಾಜ್ಯಗಳ ಮೂಲಕ ವಿನಾಯಿತಿ ಕೊಡಿಸುವ ಕಾನ್ರಾಡ್ ಯೋಜನೆಯಲ್ಲಿ ಒಂದು ರಾಜ್ಯಕ್ಕೆ ವರ್ಷಕ್ಕೆ 30 ವಿನಾಯಿತಿ ಮಾತ್ರ, ಅದರಲ್ಲೂ ಕೆಲವು ರಾಜ್ಯಗಳು ಪ್ರೈಮರಿ ಕೇರ್ ವೈದ್ಯರಿಗೆ ಆದ್ಯತೆ ಕೊಡುತ್ತವೆ. ಎಚ್-1ಬಿಗೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಅದಕ್ಕೇ ಈಗ ಲೆಕ್ಕ ಹಾಕುವಾಗ ಎಚ್-1ಬಿ ಮಾತ್ರ ಎಂದು ಹಟ ಹಿಡಿದರೆ ಪಟ್ಟಿ ತೀರಾ ಚಿಕ್ಕದಾಗುತ್ತದೆ.

ಅಡ್ವಾನ್ಸ್ಡ್ ಸೀಟಿನವರು ಇದನ್ನು ಮರೆಯಬಾರದು: ಪ್ರಿಲಿಮಿನರಿ ಆಸ್ಪತ್ರೆಯೂ ನಿಮ್ಮ ವೀಸಾ ಕೊಡುವಂತಿರಬೇಕು. ರೇಡಿಯಾಲಜಿ ಸಿಕ್ಕಿ ಇಂಟರ್ನ್ ವರ್ಷ ಸಿಗದೆ ಒದ್ದಾಡುವುದಕ್ಕಿಂತ, ಪ್ರಿಲಿಮಿನರಿ ಮೆಡಿಸಿನ್ ಜೊತೆಗೆ ಪ್ರಿಲಿಮಿನರಿ ಸರ್ಜರಿಗೂ ಧಾರಾಳವಾಗಿ ಅರ್ಜಿ ಹಾಕಿ. ಸರ್ಜರಿ ವರ್ಷ ಕಷ್ಟದ್ದು, ಆದರೆ ಸಿಗುವುದು ಸುಲಭ.

ಇಂಟರ್‌ವ್ಯೂ ಬಂದ ಮೇಲೆ ಮತ್ತೆ ಅಳೆಯಿರಿ

ಸೆಪ್ಟೆಂಬರ್ ಕೊನೆಯಲ್ಲಿ ಪ್ರೋಗ್ರಾಂಗಳು ಅರ್ಜಿ ನೋಡಲು ಶುರು ಮಾಡುತ್ತವೆ. ಅಕ್ಟೋಬರ್‌ನಿಂದ ಜನವರಿವರೆಗೆ ಇಂಟರ್‌ವ್ಯೂ, ಹೆಚ್ಚಿನವು ಆನ್‌ಲೈನ್. ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬೆಳಿಗ್ಗೆ 9 ಗಂಟೆ ಅಂದರೆ ಹುಬ್ಬಳ್ಳಿಯಲ್ಲಿ ಸಂಜೆ 7.30. ಕರೆಂಟ್ ಮತ್ತು ಇಂಟರ್‌ನೆಟ್‌ಗೆ ಬದಲಿ ವ್ಯವಸ್ಥೆ ಮಾಡಿಕೊಂಡು ಕೂರಿ.

ಈಗ ಸ್ಕೋರ್ ಮರೆತುಬಿಡಿ. ಇಲ್ಲಿಂದ ಮುಂದೆ ಅವಕಾಶ ಹೇಳುವ ದೊಡ್ಡ ಸಂಖ್ಯೆ ಒಂದೇ. ಬೇರೆ ವಿಭಾಗ ನಡುವೆ ಬರದಂತೆ ಸತತವಾಗಿ ಎಷ್ಟು ರೇಡಿಯಾಲಜಿ ಪ್ರೋಗ್ರಾಂ ರ‍್ಯಾಂಕ್ ಮಾಡಬಲ್ಲಿರಿ ಎಂಬುದು. ಚಾರ್ಟಿಂಗ್ ಔಟ್‌ಕಮ್ಸ್‌ನಲ್ಲಿ ಇದರ ಗ್ರಾಫ್ ಇದೆ. ಮೊದಲ ಕೆಲವು ರ‍್ಯಾಂಕ್‌ಗಳಿಗೆ ಗೆರೆ ಕಡಿದಾಗಿ ಏರುತ್ತದೆ, ಹತ್ತು ದಾಟಿದ ಮೇಲೆ ಮಟ್ಟಸವಾಗುತ್ತದೆ. ವೀಸಾ ಬೇಕಾದ ಐಎಂಜಿಗೆ ನಾನು ಹೀಗೆ ಹೇಳುತ್ತೇನೆ: ಒಂದೆರಡು ಇಂಟರ್‌ವ್ಯೂ ಇದ್ದರೆ ಆಸೆ ಇರಲಿ, ಬೇರೆ ದಾರಿಯೂ ಸಿದ್ಧವಿರಲಿ. ಮೂರರಿಂದ ಐದಿದ್ದರೆ ಅವಕಾಶ ನಿಜವಾದದ್ದು. ಆರು ದಾಟಿದರೆ ಒಳ್ಳೆಯ ಸ್ಥಿತಿ. ನವೆಂಬರ್ ಮುಗಿದರೂ ಒಂದೂ ಬಾರದಿದ್ದರೆ ಆ ವರ್ಷ ಉಳಿದ ಶಕ್ತಿಯನ್ನು ಬದಲಿ ವಿಭಾಗದ ಇಂಟರ್‌ವ್ಯೂಗಳಿಗೆ ಹಾಕಿ.

ರ‍್ಯಾಂಕ್ ಮಾಡುವಾಗ "ಇವರು ನನ್ನನ್ನು ತಗೋತಾರೆ" ಎಂಬ ಲೆಕ್ಕ ಬೇಡವೇ ಬೇಡ. ಮ್ಯಾಚ್‌ನ ಅಲ್ಗಾರಿದಂ ಅರ್ಜಿದಾರರ ಕಡೆಯಿಂದ ಶುರುವಾಗುತ್ತದೆ. ಅದನ್ನು ಈಗಿನ ರೂಪಕ್ಕೆ ತಂದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ ಈ ಬಗೆಯ ಕೆಲಸಕ್ಕಾಗಿ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸಿಗುವುದು ಕಷ್ಟ ಅನ್ನಿಸಿದ ಪ್ರೋಗ್ರಾಂ ಅನ್ನು ಮೊದಲಿಗೆ ಹಾಕಿದ್ದರಿಂದ ಎರಡನೆಯದು ಸಿಗುವ ಅವಕಾಶ ಒಂದು ಚೂರೂ ಕಡಿಮೆಯಾಗುವುದಿಲ್ಲ. ನಿಮಗೆ ನಿಜವಾಗಿ ಇಷ್ಟವಾದ ಕ್ರಮದಲ್ಲೇ ಬರೆಯಿರಿ. ಪ್ರತಿ ಅಡ್ವಾನ್ಸ್ಡ್ ಸೀಟಿಗೂ ಪ್ರಿಲಿಮಿನರಿಯ ಪೂರಕ ಪಟ್ಟಿ ಜೋಡಿಸುವುದನ್ನು ಮರೆಯಬೇಡಿ.

ಬದಲಿ ದಾರಿಗಳು

ರೇಡಿಯಾಲಜಿ ಜೊತೆಗೆ ಇಂಟರ್ನಲ್ ಮೆಡಿಸಿನ್‌ಗೂ ಅರ್ಜಿ ಹಾಕುವವರು ಬಹಳ. ತಪ್ಪಿಲ್ಲ. ಆದರೆ ಪರ್ಸನಲ್ ಸ್ಟೇಟ್‌ಮೆಂಟ್ ಮತ್ತು ಪತ್ರಗಳನ್ನು ಬೇರೆ ಬೇರೆ ಮಾಡಿ, ಒಂದೇ ಆಸ್ಪತ್ರೆಯ ಎರಡು ವಿಭಾಗಕ್ಕೆ ಹಾಕುವ ಮೊದಲು ಯೋಚಿಸಿ. ಮೆಡಿಸಿನ್ ಸಿಕ್ಕರೆ ನೀವು ಸಂತೋಷದಿಂದ ಮಾಡುತ್ತೀರಾ ಎಂದು ಮೊದಲೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ರ‍್ಯಾಂಕ್ ಮಾಡಿ ಮ್ಯಾಚ್ ಆದರೆ ಅದು ಕಟ್ಟುಪಾಡು.

ಮಾರ್ಚ್‌ನ ಮ್ಯಾಚ್ ವಾರದ ಸೋಮವಾರ ನಿಮಗೆ ಸೀಟು ಸಿಕ್ಕಿತೋ ಇಲ್ಲವೋ ಎಂದಷ್ಟೇ ತಿಳಿಯುತ್ತದೆ, ಎಲ್ಲಿ ಎಂಬುದು ಶುಕ್ರವಾರ. ಸಿಗದಿದ್ದರೆ ಆ ವಾರವೇ ಉಳಿದ ಸೀಟುಗಳಿಗೆ ಸೋಪ್ ಎಂಬ ಸುತ್ತು ಇದೆ. ಅದರಲ್ಲಿ ರೇಡಿಯಾಲಜಿ ಸೀಟು ಉಳಿಯುವುದು ಅಪರೂಪ, ಪ್ರಿಲಿಮಿನರಿ ಸರ್ಜರಿ ಉಳಿದಿರುತ್ತದೆ. ಅದನ್ನು ಹಿಡಿದು ಮುಂದಿನ ವರ್ಷ ಆರ್ ಸೀಟುಗಳಿಗೆ ಪ್ರಯತ್ನಿಸಬಹುದು.

ಇನ್ನೊಂದು ದಾರಿಯನ್ನು ನಮ್ಮಲ್ಲಿ ಬೇಗ ಯಾರೂ ಹೇಳುವುದಿಲ್ಲ. ನೀಟ್ ಪಿಜಿ ಬರೆದು ಇಲ್ಲೇ ರೇಡಿಯೋಡಯಾಗ್ನೋಸಿಸ್ ಎಂಡಿ ಮುಗಿಸಿದವರಿಗೆ ಅಮೆರಿಕನ್ ಬೋರ್ಡ್ ಆಫ್ ರೇಡಿಯಾಲಜಿ ಒಂದು ಪರ್ಯಾಯ ಮಾರ್ಗ ಇಟ್ಟಿದೆ. ಅಲ್ಲಿನ ಒಂದೇ ರೇಡಿಯಾಲಜಿ ವಿಭಾಗದಲ್ಲಿ ಸತತ 4 ವರ್ಷ ಫೆಲೋ ಆಗಿಯೋ ಅಧ್ಯಾಪಕರಾಗಿಯೋ ಕೆಲಸ ಮಾಡಿದರೆ ಬೋರ್ಡ್ ಪರೀಕ್ಷೆ ಬರೆಯಲು ಅರ್ಹತೆ ಬರುತ್ತದೆ. ಹೊಸದಾಗಿ ರೆಸಿಡೆನ್ಸಿಗೆ ಸೇರಬೇಕಿಲ್ಲ. ಆದರೆ ರಾಜ್ಯದ ಲೈಸೆನ್ಸ್ ನಿಯಮ ಒಂದೊಂದು ಕಡೆ ಒಂದೊಂದು ಥರ, ಆ ವಿಭಾಗ ನಾಲ್ಕು ವರ್ಷಕ್ಕೂ ಒಪ್ಪಿ ಲಿಖಿತವಾಗಿ ಕೊಡಬೇಕು. ಈ ದಾರಿ ಹಿಡಿಯುವವರು ಸ್ಟೆಪ್‌ಗಳನ್ನು ಎಂಡಿ ಓದುವಾಗಲೇ ಮುಗಿಸಿಕೊಂಡರೆ ಒಳ್ಳೆಯದು. ಫೆಲೋಶಿಪ್‌ಗಳ ಅರ್ಜಿ ಒಂದೂವರೆ ಎರಡು ವರ್ಷ ಮೊದಲೇ ಶುರುವಾಗುತ್ತದೆ, ಎಂಡಿಯ ಎರಡನೇ ವರ್ಷದಲ್ಲೇ ವಿಚಾರಿಸಲು ಶುರು ಮಾಡಿ.